ಬೇಸಿಗೆಯ ಮುಗಿಲು ನೋಡುವವರಿಗೆ ಹನ್ನೆರಡು ಸೂತ್ರಗಳು

ಶಿವರಾತ್ರಿ ಕಳೆದು, ಕಡಲೆ-ಜೋಳದ ರಾಶಿ ಮನೆ ಸೇರಿದ ಮೇಲೆ ಬೈಲಹೊಂಗಲ ಸೀಮೆಯ ಎರೆಹೊಲಗಳು ಬಯಲಾಗುತ್ತವೆ. ಅಲ್ಲಿಂದ ಮಿರಗದ ಮಳೆಗೆ ಹೆಚ್ಚುಕಡಿಮೆ ನೂರು ದಿನ. ಹವಾಮಾನದ ಗೀಳು ಹತ್ತಿದವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಬಿಸಿಲು ದಿನದಿನಕ್ಕೆ ಏರುತ್ತದೆ, ಗಾಳಿ ದಿಕ್ಕು ಬದಲಿಸುತ್ತದೆ, ಬೋಳು ಆಕಾಶದಲ್ಲಿ ಮಧ್ಯಾಹ್ನದ ಮೋಡ ಹುಟ್ಟುತ್ತದೆ, ಒಂದು ಸಂಜೆ ಧೂಳೆಬ್ಬಿಸಿಕೊಂಡು ಮೊದಲ ಅಡ್ಡಮಳೆ ಬರುತ್ತದೆ.

ನಮ್ಮ ಭಾಗಕ್ಕೆ ಇನ್ನೂ ಒಂದು ಅನುಕೂಲವಿದೆ. ಕಿತ್ತೂರಿನಿಂದ ರಾಮದುರ್ಗಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ 70 ಕಿಲೋಮೀಟರೂ ಆಗುವುದಿಲ್ಲ. ಆದರೂ ಈ ಗೆರೆ ಎರಡು ಕೃಷಿ ಹವಾಮಾನ ವಲಯಗಳನ್ನು ದಾಟುತ್ತದೆ. ಕಿತ್ತೂರು, ಬೈಲಹೊಂಗಲ ಉತ್ತರ ಪರಿವರ್ತನಾ ವಲಯಕ್ಕೆ ಸೇರಿದರೆ, ಸವದತ್ತಿ, ರಾಮದುರ್ಗ ಉತ್ತರ ಒಣ ವಲಯಕ್ಕೆ ಸೇರುತ್ತವೆ. ಪಶ್ಚಿಮ ಘಟ್ಟದ ಹಸಿ ಎಲ್ಲಿ ಮುಗಿಯುತ್ತದೆ, ಬಯಲುಸೀಮೆಯ ಒಣಗಾಳಿ ಎಲ್ಲಿ ಗೆಲ್ಲುತ್ತದೆ ಎಂಬುದನ್ನು ಬಸ್ಸಿನಲ್ಲಿ ಎರಡು-ಮೂರು ತಾಸಿನ ಹಾದಿಯಲ್ಲೇ ನೋಡಬಹುದಾದ ಇಂಥ ಜಾಗದಲ್ಲಿದ್ದು ನೋಡದೇ ಇರಬಾರದು. ಹೇಗೆ ನೋಡಬೇಕು ಎಂಬುದು ಮುಂದಿದೆ.

1. ಒಂದೇ ಜಾಗ, ಒಂದೇ ಹೊತ್ತು

ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಬೆಳಗ್ಗೆ 8.30ಕ್ಕೆ ಹಿಂದಿನ 24 ತಾಸಿನ ಮಳೆಯ ಲೆಕ್ಕ ಬರೆಯುತ್ತವೆ. ಸಂಜೆ 5.30 ಇನ್ನೊಂದು ಮುಖ್ಯ ಹೊತ್ತು. ನೀವೂ ಅದನ್ನೇ ಹಿಡಿಯಿರಿ. ಇಂದು ಎಂಟಕ್ಕೆ, ನಾಳೆ ಹತ್ತಕ್ಕೆ, ನಾಡಿದ್ದು ನೆನಪಾದಾಗ ಬರೆದರೆ ಆ ಅಂಕಿಗಳನ್ನು ಬೇರೆ ಯಾವುದರ ಜತೆಗೂ ಹೋಲಿಸಲು ಬರುವುದಿಲ್ಲ. ಇಲಾಖೆಯ ಹೊತ್ತಿಗೆ ಬರೆದರೆ ನಿಮ್ಮ ಓಣಿಯ ಅಂಕಿಯನ್ನು ಬೆಳಗಾವಿ, ಧಾರವಾಡ, ಗದಗಿನ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ಎರಡು ನಿಮಿಷದ ಕೆಲಸ. ನೀವು ಊರಲ್ಲಿಲ್ಲದ ದಿನ ಬರೆಯಲು ಮನೆಯವರಲ್ಲಿ ಒಬ್ಬರನ್ನು ತಯಾರು ಮಾಡಿರಿ. ಬರೆಯದೇ ಉಳಿದ ದಿನವನ್ನು ಖಾಲಿ ಬಿಡಿ, ಅಂದಾಜಿನಲ್ಲಿ ತುಂಬಬೇಡಿ.

2. ಉಷ್ಣಮಾಪಕಕ್ಕೆ ಗೂಡು ಕಟ್ಟಿಸಿ

ಬೇಸಿಗೆಯಲ್ಲಿ ಎಲ್ಲರ ಮೊಬೈಲಿನಲ್ಲೂ "ಇವತ್ತು 44" ಎಂಬ ಫೋಟೋ ಓಡಾಡುತ್ತದೆ. ಅವುಗಳಲ್ಲಿ ಹೆಚ್ಚಿನವು ಬಿಸಿಲಲ್ಲಿ ನಿಂತ ಕಾರಿನ ಫಲಕದ್ದೋ, ಆರ್‌ಸಿಸಿ ಗೋಡೆಗೆ ನೇತುಹಾಕಿದ ಉಷ್ಣಮಾಪಕದ್ದೋ ಆಗಿರುತ್ತವೆ. ಅವು ತೋರಿಸುವುದು ಲೋಹದ ಕಾವು, ಗೋಡೆಯ ಕಾವು. ನಮಗೆ ಬೇಕಾದದ್ದು ಗಾಳಿಯ ಕಾವು.

ಅದಕ್ಕೆ ಜಗತ್ತಿನಾದ್ಯಂತ ಇರುವ ಉಪಾಯ ಸ್ಟೀವನ್‌ಸನ್ ಪೆಟ್ಟಿಗೆ. ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1860ರ ದಶಕದಲ್ಲಿ ರೂಪಿಸಿದ್ದು. ನಾಲ್ಕೂ ಕಡೆ ಓರೆಪಟ್ಟಿಗಳಿರುವ, ಬಿಳಿ ಬಣ್ಣ ಬಳಿದ ಕಟ್ಟಿಗೆಯ ಗೂಡು ಅದು. ಗಾಳಿ ಆಡಬೇಕು, ಬಿಸಿಲು ಒಳಗೆ ಬರಬಾರದು. ಬಾಗಿಲು ಉತ್ತರಕ್ಕಿರಬೇಕು, ತೆರೆದಾಗ ಸೂರ್ಯ ನೇರ ಒಳಗೆ ಇಣುಕದಂತೆ. ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ ಉಷ್ಣಮಾಪಕ ಇರಬೇಕು. ಊರಿನ ಬಡಿಗೇರರಿಗೆ ಹಳೆಯ ಕಿಟಕಿಯ ಓರೆಪಟ್ಟಿ ತೋರಿಸಿ ಹೇಳಿದರೆ ಮಾಡಿಕೊಡುತ್ತಾರೆ. ಗರಿಷ್ಠ-ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಉಷ್ಣಮಾಪಕ ಒಂದು ಕೊಂಡರೆ ಸಾಕು.

ಮಾಳಿಗೆಯ ಮೇಲೆ, ತಗಡಿನ ಛಾವಣಿಯ ಪಕ್ಕ, ಕಾಂಕ್ರೀಟ್ ಅಂಗಳದಲ್ಲಿ ಇಡಬೇಡಿ. ಹಿತ್ತಲಿನ ಮಣ್ಣುನೆಲ, ಹೊಲದ ಬದು ಒಳ್ಳೆಯದು. ಹಳ್ಳಿಯಲ್ಲಿ ಮೇಲ್ಮುದ್ದೆಯ ಮನೆ ಇನ್ನೂ ಉಳಿದಿದ್ದರೆ, ಅದರ ಒಳಗೊಂದು, ತಗಡಿನ ಮನೆಯ ಒಳಗೊಂದು ಉಷ್ಣಮಾಪಕ ಇಟ್ಟು ನಡುಹಗಲಿನ ವ್ಯತ್ಯಾಸ ಬರೆಯಿರಿ. ಹಿರಿಯರು ದಪ್ಪ ಮಣ್ಣಿನ ಮಾಳಿಗೆ ಏಕೆ ಹಾಕಿದರೆಂಬುದು ಅಂಕಿಯಲ್ಲೇ ಸಿಗುತ್ತದೆ.

3. ಬೆಳಗಿನ ತಂಪನ್ನೂ ಲೆಕ್ಕಕ್ಕೆ ಹಿಡಿಯಿರಿ

ಎಲ್ಲರೂ ಗರಿಷ್ಠದ ಬೆನ್ನು ಹತ್ತುತ್ತಾರೆ. ನನ್ನ ಮಟ್ಟಿಗೆ ಕನಿಷ್ಠವೇ ಹೆಚ್ಚು ಸುದ್ದಿ ಹೇಳುತ್ತದೆ. ಮಾರ್ಚ್ ಮೊದಲ ವಾರಗಳಲ್ಲಿ ಗಾಳಿ ಒಣಗಿರುವುದರಿಂದ ರಾತ್ರಿ ನೆಲ ಬೇಗ ಆರುತ್ತದೆ, ಹಗಲಿಗೂ ನಸುಕಿಗೂ ಹದಿನೈದು ಡಿಗ್ರಿಯ ಅಂತರ ಸಾಮಾನ್ಯ. ಏಪ್ರಿಲ್ ಕಳೆಯುತ್ತ ಗಾಳಿಯಲ್ಲಿ ನೀರಿನ ಆವಿ ಕೂಡಿಕೊಂಡಂತೆ ರಾತ್ರಿಯ ಕಾವು ಮೇಲೆ ಹೋಗದೆ ಉಳಿಯುತ್ತದೆ, ಅಂತರ ಕಿರಿದಾಗುತ್ತದೆ. ಗರಿಷ್ಠದಿಂದ ಕನಿಷ್ಠ ಕಳೆದು ಪ್ರತಿದಿನ ಒಂದು ಕಾಲಂನಲ್ಲಿ ಬರೆಯಿರಿ. ಆ ಒಂದು ಕಾಲಂ ಮುಂಗಾರಿನತ್ತ ನಡೆಯುವ ಋತುವನ್ನು ತೋರಿಸುತ್ತದೆ.

ಇನ್ನೊಂದು ಮಾತು. ಉತ್ತರ ಭಾರತಕ್ಕೆ ಮೇ ತಿಂಗಳು ಕಡು ಬೇಸಿಗೆ. ಬೆಳಗಾವಿ-ಧಾರವಾಡದ ಕಡೆ ಹಾಗಲ್ಲ, ಸರಾಸರಿ ಗರಿಷ್ಠ ಏಪ್ರಿಲ್‌ನಲ್ಲೇ ತುತ್ತತುದಿ ಮುಟ್ಟುತ್ತದೆ. ಮೇನಲ್ಲಿ ಮೋಡ, ಅಡ್ಡಮಳೆ, ಪಡುವಣ ಗಾಳಿ ಸೇರಿ ಬಿಸಿಲನ್ನು ಮುರಿಯುತ್ತವೆ. ನಿಮ್ಮ ಊರಿನಲ್ಲಿ ಅದು ಯಾವ ವಾರ ಮುರಿಯಿತು? ರಾಮದುರ್ಗದಲ್ಲಿ ಎಷ್ಟು ದಿನ ತಡವಾಯಿತು?

ಬಿಸಿಗಾಳಿ ಎಂಬ ಮಾತನ್ನೂ ಅಳತೆಯಿಂದ ಬಳಸಿ. ಇಲಾಖೆಯ ಲೆಕ್ಕದಲ್ಲಿ ಬಯಲುನಾಡಿನ ಗರಿಷ್ಠ 40 ಡಿಗ್ರಿ ಮುಟ್ಟಬೇಕು, ಜತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರ 45 ಮುಟ್ಟಬೇಕು.

4. ತಂಬಿಗೆಯಲ್ಲಿ ಇಬ್ಬನಿ ಹುಡುಕಿ

ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು, ಖರ್ಚೂ ಇಲ್ಲ. ಮಧ್ಯಾಹ್ನ ಸ್ಟೀಲ್ ತಂಬಿಗೆಯೊಂದರಲ್ಲಿ ಅರ್ಧ ನೀರು ಹಾಕಿ, ಉಷ್ಣಮಾಪಕ ಇಳಿಸಿ, ಐಸ್ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಕದಡಿ. ತಂಬಿಗೆಯ ಹೊರಮೈ ಮಂಜಾಗಿ ಬೆರಳಿನ ಗುರುತು ಮೂಡಿದ ಕ್ಷಣ ನೀರಿನ ಉಷ್ಣತೆ ಎಷ್ಟಿದೆಯೋ ಅದೇ ಆ ದಿನದ ಇಬ್ಬನಿ ಬಿಂದು. ಗಾಳಿಯಲ್ಲಿ ನೀರು ಎಷ್ಟಿದೆ ಎಂಬುದರ ನೇರ ಉತ್ತರ ಅದು.

ಇದನ್ನು ಹಿಡಿದು ಮೋಡದ ಎತ್ತರ ಲೆಕ್ಕ ಹಾಕಬಹುದು. ಗಾಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು ಕಳೆಯಿರಿ, 125ರಿಂದ ಗುಣಿಸಿ. ಮಧ್ಯಾಹ್ನದ ರಾಶಿ ಮೋಡದ ತಳ ನೆಲದಿಂದ ಅಂದಾಜು ಅಷ್ಟು ಮೀಟರ್ ಮೇಲಿರುತ್ತದೆ. ಉಷ್ಣತೆ 36, ಇಬ್ಬನಿ ಬಿಂದು 12 ಇದ್ದರೆ ತಳ 3,000 ಮೀಟರಿನಲ್ಲಿ. ಅಷ್ಟೆತ್ತರದಿಂದ ಬಿದ್ದ ಹನಿ ಒಣಗಾಳಿಯಲ್ಲೇ ಆವಿಯಾಗಿಬಿಡುತ್ತದೆ. ಮುಗಿಲಿನಿಂದ ಬೂದು ಪರದೆ ಇಳಿದಂತೆ ಕಂಡು, ನೆಲ ಮುಟ್ಟದೆ ಮಾಯವಾಗುವುದು ಅದೇ. ಮೇ ನಡುವಿನಲ್ಲಿ ಉಷ್ಣತೆ 34, ಇಬ್ಬನಿ ಬಿಂದು 22 ಆಗಿ ತಳ 1,500 ಮೀಟರಿಗೆ ಇಳಿದರೆ ಆ ಮೋಡದ ಹನಿ ನಿಮ್ಮ ಅಂಗಳ ಮುಟ್ಟುವ ಸಾಧ್ಯತೆ ಬಹಳ ಹೆಚ್ಚು. ವಾರಕ್ಕೆ ಎರಡು ಸಲವಾದರೂ ತಂಬಿಗೆ ಹಿಡಿಯಿರಿ.

5. ಮೋಡಕ್ಕೆ ಹೆಸರು, ಹೊತ್ತು, ದಿಕ್ಕು ಬರೆಯಿರಿ

ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳಿಗೆ ಹೆಸರಿಡುವ ಕ್ರಮ ಮುಂದಿಟ್ಟ. ಅದರ ಮೇಲೆಯೇ ಇಂದಿನ ಹತ್ತು ಬಗೆಗಳ ವಿಂಗಡಣೆ ನಿಂತಿದೆ. ಶುರುವಿಗೆ ನಮ್ಮ ಶಾಲೆಯ ಭೂಗೋಳದ ನಾಲ್ಕು ಹೆಸರು ಸಾಕು: ಹಿಮಕಣ ಮೋಡ, ಪದರು ಮೋಡ, ರಾಶಿ ಮೋಡ, ರಾಶಿವೃಷ್ಟಿ ಮೋಡ.

ಬೇಸಿಗೆಯ ನಾಟಕದ ಮುಖ್ಯ ಪಾತ್ರ ರಾಶಿ ಮೋಡ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಸುರುವಿದ ಹತ್ತಿಯ ಹಾಗೆ, ತಳ ಸಪಾಟ, ಮೇಲೆ ಉಬ್ಬು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹುಟ್ಟಿ, ಅಗಲವಾಗಿ ಹರಡಿ, ಸಂಜೆಗೆ ಕರಗಿದರೆ ಒಣ ದಿನ. ಎರಡು ಗಂಟೆಯ ಹೊತ್ತಿಗೆ ಅಗಲಕ್ಕಿಂತ ಎತ್ತರ ಹೆಚ್ಚಾಯಿತೆಂದರೆ ಕಣ್ಣು ಕೀಳಬೇಡಿ. ನೆತ್ತಿಯ ಗಂಟುಗಂಟು ಅಂಚು ಕರಗಿ ನವಿರಾಗಿ, ಬಳಿಕ ಚಪ್ಪಟೆಯಾಗಿ ಪಕ್ಕಕ್ಕೆ ಚಾಚಿದರೆ ಅದು ರಾಶಿವೃಷ್ಟಿ ಮೋಡ. ಆ ತುದಿಯಲ್ಲಿ ಹಿಮದ ಹರಳುಗಳಿವೆ, ಗುಡುಗು-ಸಿಡಿಲು, ಆಣೆಕಲ್ಲು ಎಲ್ಲ ಅದರ ಹೊಟ್ಟೆಯಲ್ಲಿವೆ. ಅದರ ತಲೆ ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರ ಏರಬಲ್ಲದು. ಆದ್ದರಿಂದಲೇ ನೂರು ಕಿಲೋಮೀಟರ್ ಆಚೆಯ ಮೋಡದ ಮಿಂಚು ರಾತ್ರಿ ನಮಗೆ ಕಾಣುತ್ತದೆ, ಗುಡುಗು ಮಾತ್ರ ಕೇಳಿಸುವುದಿಲ್ಲ.

ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎಂದು ಬರೆಯುವುದು ಹವಾಮಾನದವರ ರೂಢಿ. ಅದರ ಜತೆಗೆ ಮೊದಲ ಮೋಡ ಕಂಡ ಹೊತ್ತು, ಕಂಡ ದಿಕ್ಕು, ಅದು ಸಾಗಿದ ದಿಕ್ಕು ಬರೆಯಿರಿ. ಅರಬ್ಬಿ ಸಮುದ್ರದ ಹಸಿಗಾಳಿ ಘಟ್ಟ ಹತ್ತಿ ಬಂದು ಒಳನಾಡಿನ ಒಣಗಾಳಿಗೆ ಎದುರಾಗುವ ಗೆರೆ ಬೇಸಿಗೆಯಲ್ಲಿ ನಮ್ಮ ಭಾಗದಲ್ಲೇ ಹಿಂದೆಮುಂದೆ ಸರಿಯುತ್ತಿರುತ್ತದೆ. ಅದು ಇಂದು ಕಿತ್ತೂರಿನ ಕಡೆ ಇತ್ತೋ ಸವದತ್ತಿಯ ಆಚೆ ಇತ್ತೋ ಎಂಬುದನ್ನು ಮೋಡ ಹುಟ್ಟಿದ ಜಾಗ ಹೇಳುತ್ತದೆ. ನೋಡಲು ಎತ್ತರ ಬೇಕೆಂದರೆ ಎಲ್ಲಮ್ಮನ ಗುಡ್ಡಕ್ಕಿಂತ ಒಳ್ಳೆಯ ಕಟ್ಟೆ ಇಲ್ಲ. ದವನದ ಹುಣ್ಣಿಮೆಗೆ ಹೋದಾಗ ದರ್ಶನ ಮುಗಿಸಿ ಅರ್ಧ ತಾಸು ಸುತ್ತಲೂ ಕಣ್ಣು ಹಾಯಿಸಿ.

6. ಗಾಳಿಗೆ ಪಂಖಗಳನ್ನು ಕೇಳಿ

ಸವದತ್ತಿ ಭಾಗದ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಪಂಖಗಳಿವೆ. ಗಾಳಿ ಎತ್ತಲಿಂದ ಬೀಸುತ್ತದೋ ಅತ್ತಲೇ ಪಂಖದ ಮುಖ ತಿರುಗಿರುತ್ತದೆ. ಇಷ್ಟು ದೊಡ್ಡ ದಿಕ್ಸೂಚಿ ಬೇರೆ ಎಲ್ಲಿ ಸಿಗಬೇಕು? ಮಾರ್ಚ್‌ನಲ್ಲಿ ದಿನದೊಳಗೇ ದಿಕ್ಕು ಬದಲಾಗುತ್ತಿರುತ್ತದೆ. ಮೇ ಕೊನೆಯ ಹೊತ್ತಿಗೆ ಹಗಲೂ ರಾತ್ರಿ ಪಡುವಣಕ್ಕೇ ಮುಖ ಮಾಡಿ ನಿಂತರೆ ಮುಂಗಾರಿನ ಗಾಳಿ ನೆಲೆಯೂರುತ್ತಿದೆ ಎಂದು ಟಿಪ್ಪಣಿ ಹಾಕಿ. ಪಂಖ ಕಾಣದ ಊರಿನವರು ಉದ್ದನೆಯ ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿದರೂ ಸಾಕು. ಬರಿಹೊಲದಲ್ಲಿ ಏಳುವ ಸುಳಿಗಾಳಿಗಳನ್ನೂ ಗುರುತು ಹಾಕಿ, ನೆಲ ಎಷ್ಟು ಕಾದಿದೆ ಎಂಬುದಕ್ಕೆ ಅವು ಸಾಕ್ಷಿ.

7. ಅಡ್ಡಮಳೆಯನ್ನು ಮಿಲಿಮೀಟರಿನಲ್ಲಿ ಹಿಡಿಯಿರಿ

"ಭಾರಿ ಮಳಿ ಆತ್ರೀ" ಎಂದರೆ ಎಷ್ಟು? ಬಾಯಿಯ ವ್ಯಾಸ 11.3 ಸೆಂಟಿಮೀಟರ್ ಇರುವ ಲಾಳಿಕೆಯನ್ನು ಬಾಟಲಿಯ ಮೇಲೆ ಕೂರಿಸಿ. ಆ ಬಾಯಿಯ ವಿಸ್ತೀರ್ಣ 100 ಚದರ ಸೆಂಟಿಮೀಟರ್, ಹಾಗಾಗಿ ಒಳಗೆ ಕೂಡಿದ ಪ್ರತಿ 10 ಮಿಲಿಲೀಟರ್ ನೀರು 1 ಮಿಲಿಮೀಟರ್ ಮಳೆ. ಔಷಧ ಅಂಗಡಿಯ ಸಿರಿಂಜ್ ಒಂದಿದ್ದರೆ ಅಳತೆ ಆಗಿಹೋಯಿತು. ಗಿಡ, ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡು ಪಟ್ಟು ದೂರ ಇಡಿ.

ಒಂದು ಎಕರೆಗೆ 1 ಮಿಲಿಮೀಟರ್ ಎಂದರೆ 4,000 ಲೀಟರಿಗೂ ಮಿಗಿಲಾದ ನೀರು. ಇಲಾಖೆ 2.5 ಮಿಲಿಮೀಟರ್ ಅಥವಾ ಹೆಚ್ಚು ಬಂದ ದಿನವನ್ನಷ್ಟೇ ಮಳೆದಿನ ಎನ್ನುತ್ತದೆ, 64.5 ಮುಟ್ಟಿದರೆ ಭಾರಿ ಮಳೆ. ಆಣೆಕಲ್ಲು ಬಿದ್ದರೆ ಕರಗುವ ಮೊದಲು ಒಂದು ನಾಣ್ಯದ ಪಕ್ಕ ಇಟ್ಟು ಫೋಟೋ ತೆಗೆಯಿರಿ. ಕಿತ್ತೂರು-ಧಾರವಾಡ ಕಡೆಯ ಆಪೂಸ ತೋಟದವರಿಗೆ ಏಪ್ರಿಲ್‌ನ ಒಂದು ಆಣೆಕಲ್ಲು ಮಳೆ ಎಂದರೆ ವರ್ಷದ ಲೆಕ್ಕ ತಲೆಕೆಳಗು. ಅಂಥ ದಿನದ ದಾಖಲೆ ಊರಿಗೇ ಉಪಯೋಗ.

ಮಳೆ ಬಂದ ಮರುದಿನ ಹೊಲಕ್ಕೆ ಹೋಗಿ ಮಣ್ಣು ಬಗೆದು, ಹಸಿ ಎಷ್ಟು ಬೆರಳು ಇಳಿದಿದೆ ನೋಡಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಮಣ್ಣಿನಲ್ಲಿ ಮೊದಲ ನೀರು ಬಿರುಕಿನೊಳಗೇ ಇಳಿದುಹೋಗುತ್ತದೆ. ಮಾಪಕದ ಅಂಕಿ ಒಂದು, ಹೊಲದ ಹದ ಇನ್ನೊಂದು. ಎರಡನ್ನೂ ಬರೆದವರ ವಹಿ ಒಕ್ಕಲುತನ ಮಾಡುವವರ ಕೈಯಲ್ಲಿ ಬೆಲೆ ಪಡೆಯುತ್ತದೆ.

8. ಮೇ 4ರ ನೆರಳು

ಬೈಲಹೊಂಗಲದ ಅಕ್ಷಾಂಶ ಸುಮಾರು 15.8 ಡಿಗ್ರಿ ಉತ್ತರ. ಮೇ 4ರ ಆಸುಪಾಸು, ಮಧ್ಯಾಹ್ನ 12.27ರ ಹೊತ್ತಿಗೆ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ. ನೇರ ನಿಲ್ಲಿಸಿದ ಕೊಳವೆಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆಗಸ್ಟ್ 9ರ ಸುಮಾರಿಗೆ ಮತ್ತೊಮ್ಮೆ, ಆದರೆ ಆಗ ಮೋಡ ಬಿಡುವುದು ಕಡಿಮೆ. ಓಣಿಯ ಮಕ್ಕಳನ್ನು ಕರೆಯಿರಿ. ಅಂದೇ ಉಷ್ಣತೆಯನ್ನು ಅರ್ಧ ತಾಸಿಗೊಮ್ಮೆ ಬರೆಸಿ: ನೆತ್ತಿಯ ಸೂರ್ಯ ಹನ್ನೆರಡೂವರೆಗೆ, ಕಾವಿನ ತುದಿ ಮೂರರ ಸುಮಾರಿಗೆ ಏಕೆ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ.

9. ಮಳೆ ನಕ್ಷತ್ರಗಳನ್ನು ಗೌರವದಿಂದ ಪರೀಕ್ಷಿಸಿ

ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 7-8ಕ್ಕೆ ಮಿರಗ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವ ಈ ಪಂಚಾಂಗ ನಮ್ಮ ಒಕ್ಕಲಿಗರ ಹವಾಮಾನ ಪುಸ್ತಕ. ಭರಣಿ ಬಂದರೆ ಧರಣಿ ಬೆಳೆದೀತು ಎಂಬಂಥ ಮಾತುಗಳನ್ನು ಮೂಢನಂಬಿಕೆ ಎಂದು ತಳ್ಳುವುದೂ ತಪ್ಪು, ಅಳೆಯದೆ ತಲೆಯ ಮೇಲೆ ಹೊತ್ತುಕೊಳ್ಳುವುದೂ ತಪ್ಪು. ಹಿರಿಯರ ಬಳಿ ಕೂತು ಕೇಳಿ: "ಅಜ್ಜಾರ, ನಿಮ್ಮ ಕಾಲದಾಗ ರೋಹಿಣಿಗೆ ಹೆಸರು ಬಿತ್ತತಿದ್ರೇನ್ರೀ? ಮಿರಗ ಕೈ ಕೊಟ್ಟ ವರ್ಷ ಏನ್ ಮಾಡತಿದ್ರಿ?" ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಮಾಪಕದ ನಕ್ಷತ್ರವಾರು ಮಳೆ ಬರೆಯಿರಿ.

ಹೀಗೆ ಬರೆಯುವಾಗ ಒಂದು ಸಂಗತಿ ನೆನಪಿರಲಿ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮಳೆ ನಕ್ಷತ್ರಗಳು ಋತುವಿನಿಂದ ಹಿಂದೆ ಬೀಳುತ್ತವೆ. ಸಾವಿರ ವರ್ಷಕ್ಕೆ ಒಂದು ನಕ್ಷತ್ರವೇ ಪೂರ್ತಿ ಸರಿದಂತಾಯಿತು. ತೀರ ಹಳೆಯ ಗಾದೆಯೊಂದು ಇಂದು ಎರಡು ವಾರ ತಪ್ಪುತ್ತಿದ್ದರೆ, ಅದನ್ನು ಕಟ್ಟಿದವರು ತಪ್ಪಿದ್ದರೆಂದು ಹೇಳಲಾಗದು.

ಗಿಡಮರಗಳಿಗೂ ಇದೇ ವಹಿಯಲ್ಲಿ ಜಾಗ ಕೊಡಿ. ಮುತ್ತುಗ, ಬೇವು, ಕಕ್ಕೆ ಯಾವ ದಿನ ಮೊದಲ ಹೂ ಬಿಟ್ಟವು, ಹುಣಸೆ ಯಾವಾಗ ಚಿಗುರಿತು. ಪ್ರತಿ ವರ್ಷ ಅದೇ ಮರವನ್ನು ನೋಡಬೇಕು ಎಂಬುದೊಂದೇ ನಿಯಮ. ದೇಶದಾದ್ಯಂತ ಮರಗಳ ಋತುಚಕ್ರ ದಾಖಲಿಸುವ ಸೀಸನ್‌ವಾಚ್ ಯೋಜನೆಯೂ ಜನಸಾಮಾನ್ಯರ ಇಂಥ ಟಿಪ್ಪಣಿಗಳಿಂದಲೇ ನಡೆಯುತ್ತಿದೆ.

10. ಮುನ್ಸೂಚನೆಯ ಭಾಷೆ ಕಲಿಯಿರಿ, ನಿಮ್ಮದನ್ನೂ ಬರೆಯಿರಿ

"ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ" ಎಂದು ಇಲಾಖೆ ಹೇಳಿ, ನಮ್ಮ ಊರಿಗೆ ಬಾರದಿದ್ದರೆ ಸುಳ್ಳು ಹೇಳಿದರು ಎನ್ನುತ್ತೇವೆ. ಒಂದೆರಡು ಕಡೆ ಎಂದರೆ ನೂರರಲ್ಲಿ ಗರಿಷ್ಠ 25 ಕೇಂದ್ರಗಳು. ಅದು ಐವತ್ತರವರೆಗೆ ಹೋದರೆ ಕೆಲವು ಕಡೆ, ಎಪ್ಪತ್ತೈದರವರೆಗೆ ಹಲವು ಕಡೆ, ಅದಕ್ಕೂ ಮೇಲೆ ಬಹುತೇಕ ಕಡೆ. ಇಷ್ಟು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ನಿಮ್ಮ ಬಾಟಲಿಯ ಅಂಕಿಯನ್ನು ಅದರೊಂದಿಗೆ ತಾಳೆ ನೋಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹವಾಮಾನ ಸಲಹೆ ಓದಿ. ಬೈಲಹೊಂಗಲ ತಾಲ್ಲೂಕಿನಲ್ಲೇ, ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ವಹಿ ಹಿಡಿದುಕೊಂಡು ಹೋಗಿ ಮಾತಾಡಿಸಿ.

ಇನ್ನು ನಿಮ್ಮ ಸರದಿ. ಪ್ರತಿ ಸಂಜೆ, ಮೊಬೈಲ್ ನೋಡುವ ಮೊದಲು, ನಾಳೆಯ ಗರಿಷ್ಠ ಎಷ್ಟು, ಮಳೆ ಹೌದೋ ಅಲ್ಲವೋ ಎಂದು ಬರೆಯಿರಿ. ಎದುರಾಳಿಯಾಗಿ "ನಾಳೆಯೂ ಇಂದಿನ ಹಾಗೆಯೇ" ಎಂಬ ಸರಳ ಊಹೆಯನ್ನು ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಈ ಎದುರಾಳಿಯನ್ನು ಸೋಲಿಸುವುದು ಬಲು ಕಷ್ಟ. ಏಪ್ರಿಲ್ ಕೊನೆಯಿಂದ ಮೋಡ, ಗಾಳಿ, ತಂಬಿಗೆಯ ಅಂಕಿ ನಿಮ್ಮ ಕೈ ಹಿಡಿಯುತ್ತವೆ. ತಿಂಗಳ ಕೊನೆಗೆ ಯಾರು ಎಷ್ಟು ಸಲ ಸರಿ ಎಂದು ಎಣಿಸಿ. ವಾಡಿಕೆಯ ತಾರೀಕನ್ನು ಮಾತ್ರ ನಂಬಿ ಕೂರಬೇಡಿ. ಮುಂಗಾರು ಕೇರಳಕ್ಕೆ ಜೂನ್ 1ಕ್ಕೆ ಬರುವುದು ವಾಡಿಕೆ, 2025ರಲ್ಲಿ ಮೇ 24ಕ್ಕೇ ಬಂದು, 26ಕ್ಕೆ ಮುಂಬೈ ಮುಟ್ಟಿತು. ಆ ವರ್ಷ ರೋಹಿಣಿಗೆ ಬಿಸಿಲು ಕಾದವರಿಗೆ ಮುಂಗಾರೇ ಎದುರಾಯಿತು.

11. ಸಿಡಿಲಿನ ಮುಂದೆ ಧೈರ್ಯ ಬೇಡ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ವಹಿ ಮುಚ್ಚಿ ಒಳಗೆ ನಡೆಯಿರಿ, ಕೊನೆಯ ಗುಡುಗಿನ ಬಳಿಕ ಅರ್ಧ ತಾಸು ಹೊರಗೆ ಬರಬೇಡಿ. ಬಟಾಬಯಲಿನ ಎರೆಹೊಲದಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತು, ಒಂಟಿ ಬೇವು-ಜಾಲಿಯ ಬುಡ ಅದಕ್ಕಿಂತ ಅಪಾಯ. ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ನಿಮ್ಮ ಮೊಬೈಲಿಗಷ್ಟೇ ಅಲ್ಲ, ಹೊಲಕ್ಕೆ ಹೋಗುವ ಮನೆಯವರೆಲ್ಲರ ಮೊಬೈಲಿಗೂ ಹಾಕಿಕೊಡಿ.

12. ನಾಲ್ಕು ಊರು, ನಾಲ್ಕು ವಹಿ

ಒಬ್ಬರೇ ನೋಡಿದರೆ ಒಂದು ಊರಿನ ಹವಾಮಾನ ತಿಳಿಯುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದಲ್ಲಿ ಒಬ್ಬೊಬ್ಬರು, ಒಂದೇ ಬಗೆಯ ಗೂಡು, ಒಂದೇ ಅಳತೆಯ ಲಾಳಿಕೆ, ಒಂದೇ ಹೊತ್ತು ಹಿಡಿದರೆ ಘಟ್ಟದಿಂದ ಬಯಲಿಗೆ ಹವೆ ಹೇಗೆ ಬದಲಾಗುತ್ತದೆ ಎಂಬುದು ನೂರು ದಿನದಲ್ಲಿ ಕಣ್ಣೆದುರು ಬರುತ್ತದೆ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮನಸ್ಸು ಮಾಡಿದರೆ ಇದು ಒಂದೇ ಬೇಸಿಗೆಯಲ್ಲಿ ಆಗುವ ಕೆಲಸ.

ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ನೀರಿನ ಮಟ್ಟವನ್ನೂ ವಾರಕ್ಕೊಮ್ಮೆ ಸೇರಿಸಿ. ಜಲಾಶಯದ ಪೂರ್ಣ ಮಟ್ಟ 2,079.5 ಅಡಿ. ಬೇಸಿಗೆಯಲ್ಲಿ ಅದು ಇಳಿಯುವ ವೇಗ ನೋಡಿದರೆ ಬಿಸಿಲಿನ ಪಾಲು, ಬಳಕೆಯ ಪಾಲು ಎರಡೂ ಚರ್ಚೆಗೆ ಬರುತ್ತವೆ. ಅದು ಏರುವುದು ಮಾತ್ರ ನಮ್ಮ ಊರಿನ ಮಳೆಗಲ್ಲ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಳೆಗೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗಕ್ಕೆ ನುಗ್ಗಿದ ನೀರು ಬಂದದ್ದೂ ಮೇಲಿನಿಂದಲೇ. ಆದ್ದರಿಂದ ಕಣಕುಂಬಿಯ ಮಳೆಯ ಅಂಕಿಗೂ ಒಂದು ಕಾಲಂ ಇರಲಿ.

ಮಿರಗ ಮುಗಿದು, ಆರಿದ್ರೆ ಹುಟ್ಟುವ ಜೂನ್ 21ರ ಸುಮಾರಿಗೆ ನಾಲ್ವರೂ ವಹಿ ಹಿಡಿದು ಒಂದೆಡೆ ಕೂಡಿ. ಮೂರು ಪ್ರಶ್ನೆ ಮೇಜಿನ ಮೇಲಿರಲಿ: ಹಗಲು-ನಸುಕಿನ ಅಂತರ ಹತ್ತು ಡಿಗ್ರಿಗಿಂತ ಕೆಳಗಿಳಿದ ದಿನ ಯಾವ ಊರಿಗೆ ಮೊದಲು ಬಂತು? ಭರಣಿ, ಕೃತ್ತಿಕೆ, ರೋಹಿಣಿಯಲ್ಲಿ ಯಾರಿಗೆ ಎಷ್ಟು ಮಿಲಿಮೀಟರ್? ಒಬ್ಬರ ಊರಿನಲ್ಲಿ ಮಳೆ ಸುರಿದು ಪಕ್ಕದವರ ಲಾಳಿಕೆ ಒಣಗಿಯೇ ಉಳಿದ ಸಂಜೆಗಳು ಯಾವುವು, ಅಂದು ಮೊದಲ ಮೋಡ ಯಾರಿಗೆ ಯಾವ ದಿಕ್ಕಿನಲ್ಲಿ ಕಂಡಿತ್ತು?